ಎಣ್ಣೆಗಪ್ಪಿನ ಗರಿಯಲ್ಲಿ ಮತ್ತೆ ಮೂಡಿದ ಅಕ್ಷರ

ಮಧ್ವಾಚಾರ್ಯರ ಕೃತಿಗಳನ್ನು ಒಟ್ಟಾಗಿ ‘ಸರ್ವಮೂಲ’ ಎನ್ನುತ್ತಾರೆ. ಅದರ ಸುಮಾರು 700 ವರ್ಷ ಹಳೆಯ ಓಲೆಕಟ್ಟೊಂದು ಉಡುಪಿಯ ಮಠದಲ್ಲಿದೆ. ಒಟ್ಟು 340 ಗರಿ. ಒಂದೊಂದೂ 26 ಇಂಚು ಉದ್ದ, 2 ಇಂಚು ಅಗಲ. ಹಾಳಾಗದಿರಲೆಂದು ಹಿಂದೆ ಯಾರೋ ಸವರಿದ ಎಣ್ಣೆಯೇ ಗರಿಗಳನ್ನು ಕಡುಗಂದಾಗಿಸಿತ್ತು. ಅಂಚುಗಳು ಮುರಿದಿದ್ದವು. ಅಕ್ಷರ ಅಲ್ಲೇ ಇದ್ದರೂ ಓದಲು ಬರುತ್ತಿರಲಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಪಿ.ಆರ್. ಮುಕುಂದ್ ಈ ಕಟ್ಟಿನ ರಕ್ಷಣೆಗೆ ಮುಂದಾದರು. ಜೊತೆಯಾದವರು ರೋಜರ್ ಈಸ್ಟನ್ ಮತ್ತು ಕೀತ್ ನಾಕ್ಸ್. ಪ್ರಾರ್ಥನಾ ಪುಸ್ತಕವೊಂದರ ಬರಹದಡಿ ಹೂತುಹೋಗಿದ್ದ ಆರ್ಕಿಮಿಡೀಸನ ಗಣಿತವನ್ನು ಹೊರತೆಗೆದ ತಂಡದಲ್ಲಿ ಇವರಿಬ್ಬರೂ ಇದ್ದರು.

ಅವರ ಉಪಾಯ ತಿಳಿಯಬೇಕಾದರೆ ಓಲೆ ಬರೆಯುವ ಬಗೆ ಗೊತ್ತಿರಬೇಕು. ಕಂಠ ಎಂಬ ಕಬ್ಬಿಣದ ಮೊನೆಗಡ್ಡಿಯಿಂದ ಗರಿಯನ್ನು ಗೀರುತ್ತಾರೆ. ಆಗ ಅಕ್ಷರ ಕಂಡೂ ಕಾಣದಂತಿರುತ್ತದೆ. ದೀಪದ ಮಸಿ ಸವರಿ ಒರೆಸಿದಾಗ ಕಪ್ಪು ಗೀರಿನೊಳಗೆ ಮಾತ್ರ ಉಳಿದು ಬರಹ ಎದ್ದು ಕಾಣುತ್ತದೆ. ಮಸಿಯೆಂದರೆ ಇಂಗಾಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅದು ಹೀರಿಕೊಳ್ಳುತ್ತದೆ. ಕಂದಿದ ಗರಿಯಾದರೋ ಆ ಬೆಳಕನ್ನು ಮರಳಿಸುತ್ತದೆ. ಹಾಗಾಗಿ ಅವಕೆಂಪು ಸೋಸುಕ ಹಾಕಿದ ಕ್ಯಾಮೆರಾದಲ್ಲಿ ಗರಿ ತಿಳಿಯಾಗಿ, ಅಕ್ಷರ ಕಪ್ಪಾಗಿ ಬೇರ್ಪಡುತ್ತವೆ.

ಪ್ರತಿ ಗರಿಯ ಎರಡೂ ಮಗ್ಗುಲನ್ನು ಹಲವು ತುಂಡುಗಳಾಗಿ ಸೆರೆಹಿಡಿದರು. ಹೀಗೆ ಕೂಡಿದ ಸುಮಾರು 7,900 ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಜೋಡಿಸಿದರು. ಬೆಂಕಿಗೂ ನೀರಿಗೂ ಜಗ್ಗದ ಸಿಲಿಕಾನ್ ಬಿಲ್ಲೆಗಳಲ್ಲಿ ಅವನ್ನು ಮೂಡಿಸುವ ದಾರಿಯನ್ನೂ ಕಂಡುಕೊಂಡರು. ಒಂದು ಬಿಲ್ಲೆಗೆ ಮೂರು ಗರಿ. ಓದಲು ಭೂತಗನ್ನಡಿ ಸಾಕು; ನಾಳೆ ಯಾವ ಯಂತ್ರ ಬಂದರೂ ಹೋದರೂ ಚಿಂತೆಯಿಲ್ಲ.

ಆದರೆ ಈ ವಿದ್ಯೆಗೂ ಎಲ್ಲೆಯಿದೆ. ಮಸಿ ಪೂರ್ತಿ ಅಳಿದಿದ್ದರೆ ಅವಕೆಂಪು ಬೆಳಕು ಸಾಲದು. ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿ ಗೀರಿನ ನೆರಳು ಹುಡುಕಬೇಕು. ಮುರಿದು ಕಳೆದುಹೋದ ತುಂಡಿನ ಸಾಲನ್ನು ಯಾವ ಕ್ಯಾಮೆರಾವೂ ತಂದುಕೊಡಲಾರದು. ಹುಳು ತಿಂದಷ್ಟೂ ಗ್ರಂಥ ಹೋದ ಹಾಗೆಯೇ.

ಆದ್ದರಿಂದ ಚಿತ್ರ ತೆಗೆಯುವ ಕೆಲಸ ತಡವಾಗಬಾರದು. ಯಾವ ಕಟ್ಟಿನಲ್ಲಿ ಏನು ಅಡಗಿದೆಯೋ ಹೇಳಲಾಗದು. ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಕಟ್ಟಿನಲ್ಲಿಯೇ ಮೈಸೂರಿನ ಆರ್. ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ದೊರೆತದ್ದು. ನಮ್ಮ ಅಟ್ಟಗಳಲ್ಲಿ, ದೇವರ ಕೋಣೆಗಳಲ್ಲಿ ಇನ್ನೂ ಎಷ್ಟೋ ಕಟ್ಟುಗಳಿವೆ. ಮನೆಯಲ್ಲಿ ಅಂಥದ್ದಿದ್ದರೆ ನೀವಾಗಿ ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಒಡ್ಡಬೇಡಿ, ಅಂಟಿದ ಗರಿಗಳನ್ನು ಎಳೆದು ಬಿಡಿಸಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ. ಕಟ್ಟು ನಿಮ್ಮದಾಗಿಯೇ ಇರಲಿ, ಅದರೊಳಗಿನ ಮಾತು ಎಲ್ಲರಿಗೂ ಸಿಗಲಿ.