ಮಂಗರಸನ ಬದನೆಕಾಯಿ, ತಾಯಿಯ ಬೆರಕೆ ಸೊಪ್ಪು

ಮೂವತ್ತೊಂದು ವರ್ಷಗಳ ಕಾಲ ಕನ್ನಡ ಪಾಠ ಹೇಳಿದವನು ನಾನು. ಮೊದಲು ಕುಣಿಗಲಿನಲ್ಲಿ, ಆಮೇಲೆ ತುಮಕೂರಿನಲ್ಲಿ. ಆ ಅವಧಿಯಲ್ಲಿ ಮೂರನೆಯ ಮಂಗರಸನ ಹೆಸರನ್ನು ತರಗತಿಯಲ್ಲಿ ಎಷ್ಟು ಸಲ ಉಚ್ಚರಿಸಿರುವೆನೋ ಲೆಕ್ಕವಿಲ್ಲ. ಜಯನೃಪ ಕಾವ್ಯ, ಪ್ರಭಂಜನ ಚರಿತೆ, ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿ ಎಂದು ಕೃತಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿ, ಕೊನೆಯಲ್ಲಿ "ಸೂಪಶಾಸ್ತ್ರ, ಅಡುಗೆಯ ಗ್ರಂಥ" ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವಿತ್ತು. ಅದಕ್ಕಿಂತ ಹೆಚ್ಚಿನ ಗೌರವ ಆ ಪುಸ್ತಕಕ್ಕೆ ಸಲ್ಲಬೇಕೆಂದು ನನಗೆ ಒಮ್ಮೆಯೂ ತೋರಿದುದಿಲ್ಲ. ಅದನ್ನು ನಾನು ಓದಿರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನೂ ಇಲ್ಲ.

ಓದುವ ಪ್ರಸಂಗ ಒದಗಿದುದು ನಿವೃತ್ತನಾದ ಮೇಲೆ. ಗುಬ್ಬಿಯ ಬಳಿಯ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದ ತಾಯಿ, ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತುಮಕೂರಿನ ನಮ್ಮ ಮನೆಗೆ ಬಂದರು. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಅವರಿಗೆ ಹೊತ್ತು ಹೋಗದು. ಏನಾದರೂ ಓದಿ ಹೇಳು ಎಂದರು. ಭಾರತ, ರಾಮಾಯಣಗಳನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. ಕಪಾಟಿನಲ್ಲಿ ಕೈಯಾಡಿಸಿದಾಗ ಸಿಕ್ಕಿದುದು ಸೂಪಶಾಸ್ತ್ರ. ವಿನೋದಕ್ಕೆಂದು ತೆರೆದೆ.

ಗ್ರಂಥದ ವಿಷಯ ಎರಡು ಮಾತು ಹೇಳಬೇಕು. ಮಂಗರಸ ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು, ಜೈನ. ಕಾಲ ಕ್ರಿ.ಶ. 1508ರ ಸುಮಾರು. ನಮ್ಮ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ಭಾವಚಿಂತಾರತ್ನವನ್ನು ಬರೆದನೆಂದು ನೆನೆದರೆ, ಇಬ್ಬರೂ ಒಂದೇ ತಲೆಮಾರಿನವರಾಗುತ್ತಾರೆ. ಒಬ್ಬ ಭಕ್ತಿಯ ಕಥೆಗೆ ಷಟ್ಪದಿಯನ್ನು ಹಿಡಿದರೆ, ಇನ್ನೊಬ್ಬ ಅದೇ ಷಟ್ಪದಿಯನ್ನು ಒಲೆಯ ಮುಂದಕ್ಕೆ ತಂದ. ಕನ್ನಡದಲ್ಲಿ ಅಡುಗೆಯ ಬರೆಹ ಅವನಿಂದಲೇ ಮೊದಲಾದುದಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಸೂಪಶಾಸ್ತ್ರಕ್ಕೆ ಒಂದು ಭಾಗವಿದೆ. ಆದರೆ ಅಲ್ಲಿ ಅದು ಹಲವು ವಿದ್ಯೆಗಳಲ್ಲೊಂದು. ಮಂಗರಸನಾದರೋ ಆರು ಅಧ್ಯಾಯಗಳ ಇಡೀ ಗ್ರಂಥವನ್ನೇ ಅಡುಗೆಗೆ ಮೀಸಲಿಟ್ಟ, ಅದೂ ಸಸ್ಯಾಹಾರಕ್ಕೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಮಾನಸೋಲ್ಲಾಸದಲ್ಲಿ ಮಾಂಸದ ಅಡುಗೆಗಳ ವೈಭವವೇ ಇದೆ. ಇಲ್ಲಿ ಹಿಟ್ಟಿನ ತಿಂಡಿ, ಪಾನಕ, ಅನ್ನ, ಪಾಯಸಗಳಾದ ಮೇಲೆ ಸಿಂಹಾಸನವೇರುವುದು ತರಕಾರಿ: ಬದನೆ, ಹಲಸು, ಬಾಳೆ, ಕಳಲೆ, ನೆಲ್ಲಿ. ಒಂದೇ ಬದನೆಕಾಯಿಯನ್ನು ಇಷ್ಟು ಬಗೆಯಲ್ಲಿ ಬೇಯಿಸಲು ಸಾಧ್ಯವೇ ಎಂದು ಓದುಗನು ಬೆರಗಾಗಬೇಕು. ಹೊಸ ಅಡುಗೆಯ ಸಾಹಸಕ್ಕೆ ಹೊರದೇಶದ ಪುಸ್ತಕಗಳನ್ನು ತರಿಸುವ ನಮ್ಮ ಯುವ ಗೃಹಸ್ಥರು ಐದು ನೂರು ವರ್ಷ ಹಳೆಯ ಈ ಕನ್ನಡ ಪುಸ್ತಕವನ್ನೂ ಒಮ್ಮೆ ನೋಡಬಹುದು. ಹಳಗನ್ನಡದ ಭಯವುಳ್ಳವರಿಗೆ ಇಂಗ್ಲಿಷ್ ಅನುವಾದವೂ ಇದೆ.

ಬದನೆಯ ಒಂದು ಪದ್ಯವನ್ನು ಓದಿ ಅರ್ಥ ಹೇಳಿದೆ. ತಾಯಿ ಕೇಳಿದರು: "ಖಾರಕ್ಕೆ ಏನು ಹಾಕುತ್ತಾನೆ?" ಮೆಣಸು ಎಂದೆ. "ಮೆಣಸಿನಕಾಯಿ?" ಇಲ್ಲ ಎಂದೆ.

ಇದು ಸ್ವಾರಸ್ಯದ ಸಂಗತಿ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ ಈ ಮೂರೂ ಅಮೆರಿಕಾ ಖಂಡದ ಮೂಲದವು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಿಳಿದುದು 1498ರಲ್ಲಿ. ಮಂಗರಸ ಬರೆಯುವ ಹೊತ್ತಿಗೆ ಕಲ್ಲಹಳ್ಳಿಯ ಅಡುಗೆಮನೆಗೆ ಅವು ಬಂದಿರಲಾರವು. ಮೆಣಸಿನಕಾಯಿ ಬಂದಾಗ ಕನ್ನಡಿಗನು ಅದಕ್ಕೆ ಹೊಸ ಹೆಸರನ್ನು ಹುಡುಕುವ ಗೋಜಿಗೆ ಹೋಗದೆ, ತನಗೆ ಪರಿಚಿತವಾದ ಮೆಣಸಿನ ಹೆಸರಿಗೆ ಒಂದು 'ಕಾಯಿ' ಸೇರಿಸಿ ಮನೆಯೊಳಕ್ಕೆ ಕರೆದುಕೊಂಡ. ಇಂದು ಅದು ಮನೆಯ ಯಜಮಾನನಾಗಿದೆ. ಮೆಣಸು ಕೆಮ್ಮು ನೆಗಡಿಗಳ ಔಷಧಿಯ ಮೂಲೆಗೆ ಸರಿದಿದೆ.

"ಉಪ್ಪು ಎಷ್ಟು?" ಎಂದು ತಾಯಿ ಮತ್ತೆ ಕೇಳಿದರು. ನಾನು ಓದಿದ ಪದ್ಯದಲ್ಲಿ ಅದರ ಅಳತೆಯಿರಲಿಲ್ಲ. ಇದೊಂದು ದೋಷವೆಂಬ ಧ್ವನಿಯಲ್ಲಿ ಹಾಗೆಂದೆ. ಅವರು, "ಹೇಳಬಾರದು. ಕಾಯಿ ನೋಡಿ ಹಾಕಬೇಕು. ನಿನ್ನ ದೊರೆ ಅಡುಗೆ ಬಲ್ಲವನೇ," ಎಂದರು. ಮೂವತ್ತೊಂದು ವರ್ಷ ನಾನು ಕೊಡದ ಅಂಕವನ್ನು ಅಕ್ಷರ ಬಾರದ ಹೆಂಗಸು ಮಂಗರಸನಿಗೆ ಒಂದು ಕ್ಷಣದಲ್ಲಿ ಕೊಟ್ಟುಬಿಟ್ಟರು.

ಅಂದು ಸಂಜೆ ಎಳೆಯ ಬದನೆಕಾಯಿ ತಂದು, ಮೆಣಸು, ಇಂಗು, ತೆಂಗಿನಕಾಯಿ, ಮೊಸರು, ತುಪ್ಪ ಇಷ್ಟನ್ನೇ ನೆಚ್ಚಿ ನಾನು ಒಲೆ ಹೊತ್ತಿಸಿದೆ. ಮೊದಲ ಸಲ ತಳ ಹತ್ತಿತು. ಎರಡನೆಯ ಸಲ ಮೊಸರನ್ನು ಒಲೆಯ ಮೇಲಿರುವಾಗಲೇ ಸುರಿದು ಒಡೆಸಿದೆ. ಮೂರನೆಯದನ್ನು ತಾಯಿ ಉಂಡರು. ಮೆಣಸಿನಕಾಯಿಯ ಖಾರ ನಾಲಗೆಗೆ ತಾಗಿದೊಡನೆ ಉರಿಯುತ್ತದೆ. ಮೆಣಸಿನದು ನಿಧಾನವಾಗಿ ಬಂದು ಗಂಟಲಿನಲ್ಲಿ ನಿಲ್ಲುತ್ತದೆ. ಅದರ ಕೆಳಗೆ ಬದನೆಯ ಸ್ವಂತ ರುಚಿ ಮೊದಲ ಬಾರಿಗೆ ನನಗೆ ತಿಳಿಯಿತು.

ಹಲಸಿನ ಅಧ್ಯಾಯಕ್ಕೆ ಬಂದಾಗ ತಾಯಿಗೆ ಉತ್ಸಾಹ ಬಂತು. ಗುಬ್ಬಿ ಸೀಮೆಯೆಂದರೆ ತೆಂಗು, ಅಡಕೆ, ಹಲಸುಗಳ ಸೀಮೆ. ತಾಲ್ಲೂಕಿನ ಚೇಳೂರಿನ ಒಂದು ಮರದ ಹಣ್ಣಿನ ತೊಳೆ ತಾಮ್ರಗೆಂಪು. ಹಣ್ಣು ಸರಾಸರಿ ಎರಡೂವರೆ ಕಿಲೋ ಮಾತ್ರ, ಒಂದು ಸಂಸಾರಕ್ಕೆ ಹೇಳಿ ಮಾಡಿಸಿದಂತೆ. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿದರು. 2017ರಿಂದ ಅದರ ಕಸಿ ಸಸಿಗಳು 'ಸಿದ್ದು' ಎಂಬ ಹೆಸರಿನಲ್ಲಿ ಹೊರಬರುತ್ತಿವೆ. ಮರವನ್ನು ನೆಟ್ಟ ಹಿರಿಯರ ಹೆಸರೇ ತಳಿಗೂ ಬಂತು. ಮರ ನೆಟ್ಟವನ ಹೆಸರು ಉಳಿಯುವುದು ನಮ್ಮಲ್ಲಿ ಅಪರೂಪ. ಅದರ ಕಾಯಿಯನ್ನು ಬೇಯಿಸಿದವಳ ಹೆಸರಂತೂ ಎಲ್ಲಿಯೂ ಉಳಿದಿಲ್ಲ.

ಈ ಯೋಚನೆ ಬಂದ ಮೇಲೆಯೇ ನಾನು ಒಂದು ನೋಟುಪುಸ್ತಕ ಕೊಂಡುದು. ತಾಯಿಯ ನಿಜವಾದ ಪಾಂಡಿತ್ಯ ಬದನೆ ಹಲಸುಗಳಲ್ಲಿರಲಿಲ್ಲ, ಬೆರಕೆ ಸೊಪ್ಪಿನಲ್ಲಿತ್ತು. ಮುಂಗಾರು ಬಿದ್ದ ಮೇಲೆ ಬದುವಿನಲ್ಲಿ, ಕೆರೆಯಂಚಿನಲ್ಲಿ, ರಾಗಿಯ ಸಾಲುಗಳ ನಡುವೆ ಯಾರೂ ಬಿತ್ತದೆ ಬರುವ ಸೊಪ್ಪುಗಳು ಅವು. ಒಬ್ಬ ದೊರೆಯ ಗ್ರಂಥದಲ್ಲಿ ಗುಬ್ಬಿಯ ಬದುವಿನ ಸೊಪ್ಪನ್ನು ಹುಡುಕುವುದು ನ್ಯಾಯವಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ಪಟ್ಟಿ ಬಿಚ್ಚಿದ ಮೇಲೆ ಅವರನ್ನು ಊರಿಗೆ ಕರೆದೊಯ್ದು, ಹೊಲದಲ್ಲಿ ಹಿಂದೆ ಹಿಂದೆ ನಡೆದೆ. ಅಣ್ಣೆ, ಗೋಣಿ, ಕನ್ನೆ, ಗಣಿಕೆ, ಹೊನಗೊನ್ನೆ, ಎಳೆಯ ತಗಚೆ. ಗೋಣಿಯಲ್ಲಿ ಹುಳಿಯಿದೆ, ಮಿತವಾಗಿರಲಿ. ಗಣಿಕೆ ಕಹಿ, ಒಂದು ಹಿಡಿ ಗಣಿಕೆಗೆ ನಾಲ್ಕು ಹಿಡಿ ಸಪ್ಪೆ ಸೊಪ್ಪು. ಅಣ್ಣೆ ಹೂತೆನೆ ಬಿಡುವ ಮೊದಲೇ ಕೀಳಬೇಕು. ಎಲ್ಲವನ್ನೂ ಕಾಳಿನೊಡನೆ ಬೇಯಿಸಿ ಬಸಿದರೆ, ಬಸಿದ ಕಟ್ಟು ಸಾರಾಗುತ್ತದೆ, ಉಳಿದುದು ಪಲ್ಯವಾಗುತ್ತದೆ. ಒಂದು ಮಡಕೆಯಿಂದ ಎರಡು ಅಡುಗೆ, ಜೊತೆಗೆ ರಾಗಿಮುದ್ದೆ. ಬಡತನವು ಕಂಡುಹಿಡಿದ ಶಾಸ್ತ್ರವಿದು. ಇದರಲ್ಲಿ ಒಂದು ತೊಟ್ಟೂ ವ್ಯರ್ಥವಿಲ್ಲ.

ಅವರು ಇಪ್ಪತ್ತಕ್ಕೂ ಹೆಚ್ಚು ಸೊಪ್ಪು ಬಲ್ಲವರು. ನಾನು ಬರೆದುಕೊಂಡುದು ಹನ್ನೊಂದು. ಹನ್ನೆರಡನೆಯದರ ಎಲೆಯನ್ನು ಪುಟದ ನಡುವೆ ಒತ್ತಿಟ್ಟು, ಮಳೆ ಹನಿಯಲಾರಂಭಿಸಿದುದರಿಂದ, ಹೆಸರನ್ನು ಮನೆಗೆ ಹೋಗಿ ಬರೆದರಾಯಿತೆಂದುಕೊಂಡೆ. ಮನೆಯಲ್ಲಿ ಬೇರೆ ಮಾತು ಬಂತು. ಉಳಿದುದನ್ನು ಮುಂದಿನ ಮಳೆಗಾಲಕ್ಕೆ ನೋಡೋಣವೆಂದು ತುಮಕೂರಿಗೆ ಮರಳಿದೆ. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಅದೇ ಬದುವಿಗೆ ಹೋದೆ. ಹನ್ನೆರಡನೆಯ ಗಿಡ ಅಲ್ಲಿಯೇ ಬೆಳೆದಿತ್ತು. ಅದರ ಪಕ್ಕದಲ್ಲಿ ಅದನ್ನೇ ಹೋಲುವ ಇನ್ನೊಂದು ಗಿಡವೂ ಇತ್ತು. ಯಾವುದು ತಿನ್ನುವಂಥದು, ಯಾವುದು ಅಲ್ಲ? ಷಟ್ಪದಿಯ ಮಾತ್ರೆಗಳನ್ನು ಬೆರಳ ತುದಿಯಲ್ಲಿ ಎಣಿಸಬಲ್ಲ ನಾನು, ನನ್ನನ್ನು ಸಾಕಿದ ಸೊಪ್ಪನ್ನು ಗುರುತಿಸಲಾರದೆ ನಿಂತೆ. ಆ ಎಲೆಯನ್ನು ಊರಿನ ಇಬ್ಬರು ವೃದ್ಧೆಯರಿಗೆ ತೋರಿಸಿದೆ; ಎರಡು ಹೆಸರು ಹೇಳಿದರು. ಕುಣಿಗಲಿನ ಹಳೆಯ ವಿದ್ಯಾರ್ಥಿಯೊಬ್ಬನ ಅಜ್ಜಿ ಮೂರನೆಯ ಹೆಸರು ಹೇಳಿದರು. ಮೂರನ್ನೂ ಬರೆದಿಟ್ಟಿದ್ದೇನೆ. ನಿಶ್ಚಯವಾಗುವವರೆಗೆ ಅದನ್ನು ಮಡಕೆಗೆ ಹಾಕುವ ಸಾಹಸ ನನಗಿಲ್ಲ.

ಶಾಲೆಯ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಈ ಮಳೆಗಾಲದಲ್ಲಿ ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರನ್ನು ಕೇಳಿ ಒಂದೇ ಒಂದು ಸೊಪ್ಪಿನ ಹೆಸರು, ಗುರುತು, ಬೇಯಿಸುವ ಬಗೆ ಇಷ್ಟನ್ನು ಬರೆದು ತರಲಿ. ಮಂಗರಸನಿಗೆ ಒಂದು ಅಂಕ ಕೊಡುವವರು ಇದಕ್ಕೆ ಐದು ಕೊಡಬಹುದು. ಬರೆಯುವ ಮುನ್ನ ಹೆಸರನ್ನು ಹೊಲದಲ್ಲಿಯೇ ಕೇಳಿಕೊಳ್ಳಲಿ; ಮಳೆ ಬಂದರೂ ಚಿಂತೆಯಿಲ್ಲ.