ಕೋನಪ್ಪನ ಅಗ್ರಹಾರದಿಂದ ತರಮಣಿವರೆಗೆ

ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಬೆಂಗಳೂರು ಭಾರತದ ಸಿಲಿಕಾನ್ ವ್ಯಾಲಿ ಆಗಬೇಕೆಂದು ಆಗಲೇ ಕನಸು ಕಂಡವರು ಕಿಯೋನಿಕ್ಸ್ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ. ಜಮೀನಿತ್ತು, ಕನಸಿತ್ತು, ಸರ್ಕಾರದ ಒತ್ತಾಸೆಯೂ ಇತ್ತು. ಆದರೂ ಮೊದಲ ದಶಕದಲ್ಲಿ ಅಲ್ಲಿನ ಬೆಳವಣಿಗೆ ಮಂದಗತಿಯದ್ದೇ. ವೇಗ ಬಂದದ್ದು 1991ರ ನಂತರ. ಏನು ಅಡ್ಡ ಬಂದಿತ್ತು, ಅದನ್ನು ತೆಗೆದವರು ಯಾರು ಎಂದು ಬಿಡಿಸಿ ನೋಡುವುದು ಇಂದಿಗೂ ಅಗತ್ಯ. ಏಕೆಂದರೆ ಹುಬ್ಬಳ್ಳಿ, ಮೈಸೂರು, ಮಂಗಳೂರಿನಂಥ ಊರುಗಳಿಗೆ ತಂತ್ರಜ್ಞಾನ ತಲುಪಿಸುತ್ತೇವೆ ಎನ್ನುವ ರಾಷ್ಟ್ರೀಯ ನೀತಿ ಆ ಯಶಸ್ಸಿನ ಹೊರರೂಪವನ್ನಷ್ಟೇ ನಕಲು ಮಾಡುತ್ತಿದೆ, ಅದರ ತರ್ಕವನ್ನಲ್ಲ.

ಅಡ್ಡ ಬಂದಿದ್ದದ್ದು ಬಹಳ ಸರಳವಾದ ಸಂಗತಿ: ದತ್ತಾಂಶವನ್ನು ಹೊರದೇಶಕ್ಕೆ ಕಳಿಸಲು ದಾರಿ ಇರಲಿಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರಕ್ಕೆ ಉಪಗ್ರಹ ಸಂಪರ್ಕ ಪಡೆಯಿತು. ಅಷ್ಟು ದೊಡ್ಡ ಕಂಪನಿಗೆ ಅದು ಸಾಧ್ಯವಾಯಿತು. ಇಪ್ಪತ್ತು ಮಂದಿ ಎಂಜಿನಿಯರುಗಳ ಸಣ್ಣ ಕಂಪನಿಗೆ ಉಪಗ್ರಹದೊಂದಿಗೆ ಸಂಪರ್ಕಿಸುವ ಸ್ವಂತ ಅರ್ತ್ ಸ್ಟೇಷನ್ ಎಲ್ಲಿಂದ ಬರಬೇಕು? ಅದು ತನ್ನ ಎಂಜಿನಿಯರನ್ನೇ ವಿಮಾನ ಹತ್ತಿಸಿ ಗ್ರಾಹಕರ ಕಚೇರಿಗೆ ಕಳಿಸಬೇಕಿತ್ತು. ಎನ್. ವಿಠ್ಠಲ್ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಈ ಗಂಟನ್ನು ಬಿಚ್ಚಿತು. 1991ರ ಜೂನ್‌ನಲ್ಲಿ ಈ ಯೋಜನೆಯನ್ನು ನಡೆಸುವ ಎಸ್‌ಟಿಪಿಐ ಸ್ವಾಯತ್ತ ಸಂಸ್ಥೆಯಾಗಿ ನೋಂದಣಿಯಾಯಿತು. ಅದು ಅರ್ತ್ ಸ್ಟೇಷನ್ ಹಾಕಿ ಸೆಕೆಂಡಿಗೆ 64 ಕಿಲೋಬಿಟ್ ಸಾಗಿಸುವ ಸಂಪರ್ಕವನ್ನು ಕಂಪನಿಗಳಿಗೆ ಬಾಡಿಗೆಗೆ ಕೊಟ್ಟಿತು. ಇಂದು ಕಿಸೆಯಲ್ಲಿರುವ ಮೊಬೈಲಿಗೂ ಸಾಲದ ವೇಗ ಅದು. ಆದರೆ ಅಂದು ಅದೇ ಒಂದು ಉದ್ಯಮದ ಜೀವನಾಡಿಯಾಯಿತು. ಜೊತೆಗೆ ಕಂಪ್ಯೂಟರುಗಳ ಆಮದಿಗೆ ಸುಂಕ ವಿನಾಯಿತಿ, ಅನುಮತಿಗಳಿಗೆ ಏಕಗವಾಕ್ಷಿ, ಲಾಭದ ಮೇಲೆ ಆದಾಯ ತೆರಿಗೆ ರಿಯಾಯಿತಿ. ಈ ತೆರಿಗೆ ರಿಯಾಯಿತಿ 2011ರ ಮಾರ್ಚ್‌ವರೆಗೂ ನಡೆಯಿತು.

ಎಸ್‌ಟಿಪಿಐ ಮಾಡಿದ್ದು ದೊಡ್ಡ ಕೆಲಸ. ಅದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಆದರೆ ಅದು ನಿವಾರಿಸಿದ್ದು ರಫ್ತಿಗಿದ್ದ ತಡೆಯನ್ನು. ಸಂಶೋಧನೆ ಅದರ ಉದ್ದೇಶವಾಗಿರಲಿಲ್ಲ. ಎಂಜಿನಿಯರುಗಳು ಎಲ್ಲಿ ಆಗಲೇ ಇದ್ದರೋ ಅಲ್ಲಿಗೇ ಅದರ ಫಲ ಹರಿಯಿತು. ಇಂದು ದೇಶದಲ್ಲಿ ಎಸ್‌ಟಿಪಿಐಗೆ 60ಕ್ಕೂ ಹೆಚ್ಚು ಕೇಂದ್ರಗಳಿವೆ, ಹೆಚ್ಚಿನವು ಸಣ್ಣ ನಗರಗಳಲ್ಲೇ ಇವೆ. ನಮ್ಮಲ್ಲೂ ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಕೇಂದ್ರಗಳಿವೆ. ಹಾಗಿದ್ದೂ ಕರ್ನಾಟಕದ ಸಾಫ್ಟ್‌ವೇರ್ ಉದ್ಯಮದ ಭಾರವೆಲ್ಲ ಬೆಂಗಳೂರಿನ ಮೇಲೇ ಇದೆ. ದಾವಣಗೆರೆಗೆ ಇಂದು ಕೊರತೆಯಿರುವುದು ಇಂಟರ್‌ನೆಟ್ ಸಂಪರ್ಕದ್ದಲ್ಲ. ಅಲ್ಲಿ ಕಲಿತ ಹುಡುಗಿ ಹೊಸದೊಂದು ಉಪಕರಣ ರೂಪಿಸಿದರೆ ಅದನ್ನು ಪರೀಕ್ಷಿಸುವ ಪ್ರಯೋಗಾಲಯ, ಜೊತೆಗೆ ನಿಂತು ಕೆಲಸ ಮಾಡುವ ಪ್ರಾಧ್ಯಾಪಕ, ಮೊದಲ ಆರ್ಡರ್ ಕೊಡುವ ಕಾರ್ಖಾನೆ ಇವು ಬೇಕು. ತಡೆ ಬದಲಾಗಿದೆ, ಮದ್ದು ಹಳೆಯದೇ ಉಳಿದಿದೆ.

ವಿದ್ಯಾಸಂಸ್ಥೆಯೊಳಗೇ ಉದ್ಯಮ ಬೆಳೆಸುವ ಯೋಚನೆ ದೆಹಲಿಗೆ ಹೊಳೆದಿರಲಿಲ್ಲ ಎಂದಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1980ರ ದಶಕದಲ್ಲೇ ‘ಸ್ಟೆಪ್’ ಎಂಬ ಉದ್ಯಮಶೀಲರ ಪಾರ್ಕುಗಳನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತೆರೆಯಲು ಆರಂಭಿಸಿತು. ಮೈಸೂರಿನ ಎಸ್‌ಜೆಸಿಇ ಮತ್ತು ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿಗೂ ಅವು ಬಂದವು. ಸರಿಯಾದ ದಿಕ್ಕು, ಆದರೆ ಪುಟ್ಟ ಹೆಜ್ಜೆ. ದೊಡ್ಡ ಹೆಜ್ಜೆ ಇಟ್ಟದ್ದು ಚೆನ್ನೈನ ತರಮಣಿಯಲ್ಲಿ, ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ಮುಂದಾಳತ್ವದಲ್ಲಿ 2010ರಲ್ಲಿ ಬಾಗಿಲು ತೆರೆದ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕ್. ಅದರ ಸುಮಾರು 12 ಲಕ್ಷ ಚದರ ಅಡಿಯ ಕಟ್ಟಡಗಳಿಗಿಂತ ಅಲ್ಲಿನ ಒಂದು ನಿಯಮ ನನಗೆ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಜಾಗ ಪಡೆದ ಕಂಪನಿ ಬಾಡಿಗೆ ಕಟ್ಟಿದರಷ್ಟೇ ಸಾಲದು, ಕ್ರೆಡಿಟ್ ಕೂಡ ಗಳಿಸಬೇಕು. ಪ್ರಾಧ್ಯಾಪಕರೊಂದಿಗೆ ಜಂಟಿ ಸಂಶೋಧನೆ ಮಾಡಿದರೆ, ಅವರಿಂದ ಸಲಹೆ ಪಡೆದರೆ, ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ತೆಗೆದುಕೊಂಡರೆ, ತನ್ನ ಎಂಜಿನಿಯರುಗಳನ್ನು ಐಐಟಿಯಲ್ಲಿ ಓದಿಸಿದರೆ ಕ್ರೆಡಿಟ್ ಸೇರುತ್ತದೆ. ಇದರಿಂದ ಪಾರ್ಕು ಬರೀ ಬಾಡಿಗೆ ಕಟ್ಟಡವಾಗದೆ ಉಳಿಯಿತು. ಅದೇ ಆವರಣದಲ್ಲಿ ಬೆಳೆದ ಅಗ್ನಿಕುಲ್ ಕಾಸ್ಮೋಸ್ 2024ರ ಮೇ 30ರಂದು ಶ್ರೀಹರಿಕೋಟಾದಿಂದ ರಾಕೆಟ್ ಹಾರಿಸಿತು. ಅದರ ಎಂಜಿನ್ 3ಡಿ ಮುದ್ರಣದಲ್ಲಿ ಒಂದೇ ತುಂಡಾಗಿ ತಯಾರಾದದ್ದು. 2016ರ ಸ್ಟಾರ್ಟ್ಅಪ್ ಇಂಡಿಯಾ ಕಾರ್ಯಯೋಜನೆ ಇದೇ ಮಾದರಿಯ ಏಳು ಪಾರ್ಕುಗಳನ್ನು, ಆರಂಭಿಕವಾಗಿ ತಲಾ 100 ಕೋಟಿ ರೂಪಾಯಿಯಂತೆ, ಘೋಷಿಸಿತು. ಪಟ್ಟಿಯಲ್ಲಿದ್ದವು ಆರು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ. ಉಳ್ಳವರಿಗೇ ಮತ್ತಷ್ಟು ಸಿಕ್ಕಿತು.

ಸಣ್ಣ ನಗರಗಳಿಗೂ ಇಂಥ ಪಾರ್ಕುಗಳು ಬೇಕು ಎಂದರೆ ಅರ್ಥಶಾಸ್ತ್ರಜ್ಞರು ಒಂದು ಆಕ್ಷೇಪ ಎತ್ತುತ್ತಾರೆ. ಪ್ರತಿಭೆ, ಬಂಡವಾಳ, ಗ್ರಾಹಕರು ಒಂದೇ ಕಡೆ ಸೇರುವುದು ಸಹಜ, ಅದರಿಂದ ಉತ್ಪಾದಕತೆಯೂ ಹೆಚ್ಚುತ್ತದೆ, ಹಾಗಿರುವಾಗ ಬಲವಂತವಾಗಿ ಚದುರಿಸುವುದೇಕೆ ಎಂಬುದು ಅವರ ಪ್ರಶ್ನೆ. ಐಐಟಿ ಮದ್ರಾಸಿನಲ್ಲಿ ಮೊಳೆತ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಎನರ್ಜಿ ಬೆಂಗಳೂರಿಗೆ ಬಂದು ನೆಲೆಸಿದ್ದು ಅವರ ಮಾತಿಗೆ ಸಾಕ್ಷಿಯೇ. ಆದರೆ ಬೆಂಗಳೂರಿನ ಆ ಆಕರ್ಷಣೆ ಎಲ್ಲಿಂದ ಬಂತು? ಮೈಸೂರು ಅರಮನೆ ಕೊಟ್ಟ ನೆಲದಲ್ಲಿ ಎದ್ದ ಟಾಟಾ ಇನ್‌ಸ್ಟಿಟ್ಯೂಟ್ (ಇಂದಿನ ಐಐಎಸ್ಸಿ), 1940ರ ಎಚ್‌ಎಎಲ್, 1948ರ ಐಟಿಐ, 1954ರ ಬಿಇಎಲ್, ಆಮೇಲೆ ಇಸ್ರೊ, ಇವೆಲ್ಲ ಯಾರೋ ಯೋಚಿಸಿ ಕೈಗೊಂಡ ತೀರ್ಮಾನಗಳ ಫಲ. ಮಾರುಕಟ್ಟೆ ತಾನಾಗಿ ಬೆಂಗಳೂರನ್ನು ಆರಿಸಿಕೊಳ್ಳಲಿಲ್ಲ. ಮೊದಲು ಪ್ರಯೋಗಾಲಯಗಳು ಬಂದವು, ಮಾರುಕಟ್ಟೆ ಅವುಗಳನ್ನು ಹುಡುಕಿಕೊಂಡು ಬಂತು.

ತೈವಾನಿನ ಸಿಂಚು ಈ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿನ ಸೈನ್ಸ್ ಪಾರ್ಕ್ ಶುರುವಾದದ್ದು 1980ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1973ರಲ್ಲಿ, ಸರ್ಕಾರ ಐಟಿಆರ್‌ಐ ಎಂಬ ಕೈಗಾರಿಕಾ ಸಂಶೋಧನಾ ಸಂಸ್ಥೆಯನ್ನು ಕಟ್ಟಿತ್ತು. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಯಾರಿಕೆಯ ತಂತ್ರಜ್ಞಾನ ಪಡೆದು, ಎಂಜಿನಿಯರುಗಳ ತಂಡವನ್ನೇ ಅಲ್ಲಿಗೆ ಕಲಿಯಲು ಕಳಿಸಿತು. ಅದೇ ಐಟಿಆರ್‌ಐನಿಂದ 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕಾ ಕಂಪನಿಗಳು ಹೊರಬಂದವು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1959ರಲ್ಲಿ ಹುಟ್ಟಿದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಕೂಡ ತಂಬಾಕು, ಜವಳಿ, ಪೀಠೋಪಕರಣಗಳನ್ನು ನಂಬಿದ್ದ ಬಡ ರಾಜ್ಯದ ಸಾಹಸ. ಸುತ್ತ ಮೂರು ವಿಶ್ವವಿದ್ಯಾಲಯಗಳಿದ್ದರೂ 1965ರಲ್ಲಿ ಐಬಿಎಂ ಬರುವವರೆಗೆ ಅಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಇರಲಿಲ್ಲ. ಐದು ವರ್ಷಕ್ಕೇ ಲೆಕ್ಕ ಕೇಳಿ ಬಾಗಿಲು ಮುಚ್ಚುವ ಅಧಿಕಾರಿಗಳಿದ್ದಿದ್ದರೆ ಆ ಪಾರ್ಕು ಉಳಿಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ನಮ್ಮ ಜಿಲ್ಲಾ ನಗರಗಳ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ನಡೆಯುತ್ತದೆ, ಸಂಶೋಧನೆ ನಡೆಯುವುದಿಲ್ಲ. ಸಂಶೋಧನೆಯೇ ಇಲ್ಲದ ಕಡೆ ರಿಸರ್ಚ್ ಪಾರ್ಕ್ ಕಟ್ಟಿ ಏನು ಮಾಡುವುದು? ಈ ಮಾತು ನಿಜ. ಆದ್ದರಿಂದಲೇ ಹಣ ಕಟ್ಟಡಕ್ಕಿಂತ ಮೊದಲು ಪ್ರಯೋಗಾಲಯಕ್ಕೆ ಹೋಗಬೇಕು. ಎಲ್ಲ ಊರಿಗೂ ಎಲ್ಲ ವಿಷಯ ಬೇಡ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿ ಇದೆ, ಪಕ್ಕದ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜಿದೆ. ಹತ್ತಿ, ಮಣ್ಣು, ಕೃಷಿ ಯಂತ್ರ, ಕಡಿಮೆ ಬೆಲೆಯ ವೈದ್ಯಕೀಯ ಉಪಕರಣ, ಇಷ್ಟರಲ್ಲೇ ಹದಿನೈದು ವರ್ಷದ ಕೆಲಸವಿದೆ. ಬೆಲೆಬಾಳುವ ಉಪಕರಣಗಳನ್ನು ಎಲ್ಲ ಸಂಸ್ಥೆಗಳೂ ಹಂಚಿಕೊಳ್ಳಬೇಕು, ಅವುಗಳನ್ನು ನಡೆಸುವ ತಂತ್ರಜ್ಞರಿಗೆ ಖಾಯಂ ಹುದ್ದೆ ಬೇಕು. ಮುಟ್ಟುವವರಿಲ್ಲದೆ ಧೂಳು ಹಿಡಿದ ಯಂತ್ರದಿಂದ ಯಾವ ಊರೂ ಉದ್ಧಾರವಾಗದು.

ಹಣವಿಲ್ಲ ಎನ್ನುವ ಉತ್ತರ ಈಗ ನಿಲ್ಲದು. ಸಂಶೋಧನೆಗೆ ದೇಶ ಮಾಡುವ ಖರ್ಚು 2020–21ರಲ್ಲಿ ಜಿಡಿಪಿಯ ಶೇ 0.64ರಷ್ಟಿತ್ತು. ಇದು ತೀರಾ ಕಡಿಮೆ ಎಂಬುದನ್ನು ಸರ್ಕಾರವೇ ಒಪ್ಪಿ, 2023ರಲ್ಲಿ ಕಾಯ್ದೆ ತಂದು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಕಟ್ಟಿತು. 2025ರ ಜುಲೈನಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೆ ಈ ನಿಧಿಯಿಂದ ದೀರ್ಘಾವಧಿ ಸಾಲ ಸಿಗುವುದು ಪ್ರಯೋಗಾಲಯದಲ್ಲಿ ಆಗಲೇ ಒಂದು ಹಂತಕ್ಕೆ ಮಾಗಿದ ತಂತ್ರಜ್ಞಾನಕ್ಕೆ. ಆ ಹಂತ ಮುಟ್ಟುವ ಮೊದಲಿನ ಹಾದಿಯಲ್ಲೇ ಸಣ್ಣ ನಗರಗಳು ಕಳೆದುಹೋಗುತ್ತವೆ. ಹಾಗಾಗಿ ಬೆಂಗಳೂರಿನಾಚೆಯ ಪಾರ್ಕುಗಳಿಗೆ ಕೊಡುವ ಅನುದಾನ ಕನಿಷ್ಠ ಹದಿನೈದು ವರ್ಷದ್ದಾಗಿರಲಿ, ತರಮಣಿಯ ಕ್ರೆಡಿಟ್ ನಿಯಮ ಅದರ ಕರಾರಿನಲ್ಲಿರಲಿ. ಕಟ್ಟಡಕ್ಕೆ ಎಷ್ಟು, ಪ್ರಯೋಗಾಲಯಕ್ಕೆ ಎಷ್ಟು, ತಂತ್ರಜ್ಞರ ಸಂಬಳಕ್ಕೆ ಎಷ್ಟು ಎಂಬುದನ್ನು ಕೇಂದ್ರವೂ ರಾಜ್ಯವೂ ಬಜೆಟ್ ದಾಖಲೆಯಲ್ಲೇ ಬೇರೆ ಬೇರೆಯಾಗಿ ತೋರಿಸಲಿ. ಹುಬ್ಬಳ್ಳಿಯವರು ತಮ್ಮ ಶಾಸಕರನ್ನು, ಸಂಸದರನ್ನು ಈ ಮೂರು ಅಂಕಿಗಳನ್ನಿಟ್ಟುಕೊಂಡೇ ಪ್ರಶ್ನಿಸಲು ಆಗ ಸಾಧ್ಯವಾಗುತ್ತದೆ.