ನುಡಿಸಿದವರು, ಕೇಳಿಸಿದವರು

ಕಲಾವಿದರ ಸಾಧನೆಯನ್ನು ವೇದಿಕೆಯ ಚಪ್ಪಾಳೆಯಿಂದಲೇ ಅಳೆಯುವುದು ನಮ್ಮ ರೂಢಿ. ಆ ಅಳತೆಯಲ್ಲೂ ನಾರ್ಬರ್ಟ್ ಕ್ರಾಫ್ಟ್ ಕಡಿಮೆಯವರಲ್ಲ: ಆಸ್ಟ್ರಿಯದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಈ ಶಾಸ್ತ್ರೀಯ ಗಿಟಾರ್ ವಾದಕರು 1985ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸೆಗೋವಿಯಾ ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದರು. ಆದರೂ ಅವರ ದೊಡ್ಡ ಕೆಲಸ ನಡೆದದ್ದು ಗ್ರೇಟರ್ ಟೊರಾಂಟೊದ ಉತ್ತರ ಭಾಗದ ನ್ಯೂಮಾರ್ಕೆಟ್ ಊರಿನ ಸೇಂಟ್ ಜಾನ್ ಕ್ರಿಸೊಸ್ಟಮ್ ಚರ್ಚಿನಲ್ಲಿ ಎಂದೇ ನನ್ನ ವಾದ. ಅಲ್ಲಿ ಅವರೂ ಪತ್ನಿ ಬಾನಿ ಸಿಲ್ವರ್ ಅವರೂ ನ್ಯಾಕ್ಸೋಸ್ ಎಂಬ ಸಂಗೀತ ಮುದ್ರಿಕೆಗಳ ಕಂಪನಿಗಾಗಿ ನಾನಾ ದೇಶಗಳ ವಾದಕರನ್ನು ಧ್ವನಿಮುದ್ರಿಸಿದ್ದಾರೆ; ಸ್ಪರ್ಧೆಗಳಲ್ಲಿ ಗೆದ್ದ ಯುವ ವಾದಕರೂ ಅವರಲ್ಲಿದ್ದಾರೆ.

ಗಿಟಾರಿನ ದನಿ ಮೆಲು. ಬೆರಳು ತಂತಿಯ ಮೇಲೆ ಜಾರಿದ ಸದ್ದನ್ನೂ ಮೈಕು ಹಿಡಿದುಬಿಡುತ್ತದೆ. ಉಗುರು ಎಲ್ಲಿ ಒರಟಾಗಿ ತಾಗಿತು, ಒಳಸ್ವರ ಎಲ್ಲಿ ಮುಳುಗಿತು ಎಂಬುದು ಕ್ರಾಫ್ಟ್ ಅವರಂತೆ ಸ್ವತಃ ಗಿಟಾರ್ ನುಡಿಸಿ ಬಲ್ಲ ಮುದ್ರಕರ ಕಿವಿಗೆ ಬೇಗ ತಿಳಿಯುತ್ತದೆ. ಕತ್ತರಿಸಿ ಜೋಡಿಸಿದ ಮುದ್ರಿಕೆ ನಿಜವಾದ ಕಛೇರಿಯಲ್ಲ ಎನ್ನುವವರಿದ್ದಾರೆ. ಒಪ್ಪಬೇಕಾದ ಮಾತೇ. ಆದರೆ ಕಛೇರಿ ಆ ಸಂಜೆ ಸಭಾಂಗಣದಲ್ಲಿದ್ದವರಿಗೆ ಮಾತ್ರ. ಹೆಸರು ಮಾಡದ ಹರೆಯದ ವಾದಕನನ್ನು ಬೆಂಗಳೂರಿನ ಕೇಳುಗರಿಗೆ ಮುಟ್ಟಿಸುವುದು ಮುದ್ರಿಕೆಯೇ. ಕ್ರಾಫ್ಟ್ ಅವರೇ ನುಡಿಸಿದ, ಬ್ರೆಜಿಲಿನ ಸಂಗೀತ ರಚನೆಕಾರ ವಿಲ್ಲಾ-ಲೋಬೋಸ್ ಅವರ ಕೃತಿಗಳ ಮುದ್ರಿಕೆಯೂ ಇದೆ. ಮೊದಲು ಅದನ್ನು ಕೇಳಿ. ಬಳಿಕ ಅವರು ಮುದ್ರಿಸಿಕೊಟ್ಟ ಬೇರೆಯವರನ್ನು ಕೇಳಿ.